ಭೂಗತ ಲೋಕ, ಸಾವಿರ ಅಡಿ ಕೆಳಗೆ

‘ಗಾಡ್‌ಫಾದರ್’ ಚಿತ್ರ ಒಪ್ಪಿಸಲು ಬಂದವರನ್ನು ವಾಪಸ್ ಕಳಿಸಿ, ವರ್ಷಗಟ್ಟಲೆ ತಪಸ್ಸು ಮಾಡಿ, ಸರ್ಜಿಯೋ ಲಿಯೋನೆ 1984ರಲ್ಲಿ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ತೆಗೆದ. ನಿರ್ದೇಶಕ ಇಟಲಿಯವನು, ರೌಡಿಗಳು ನ್ಯೂಯಾರ್ಕಿನವರು, ಆ ನ್ಯೂಯಾರ್ಕಿನ ರೈಲು ನಿಲ್ದಾಣ ಪ್ಯಾರಿಸ್ಸಿನದು. ಪಾಪ, ಬೆಂಗಳೂರಿನ ದೊಡ್ಡನೆಕ್ಕುಂದಿಗೆ ಬಂದಿದ್ದರೆ ಇಷ್ಟು ಅಲೆದಾಟ ತಪ್ಪುತ್ತಿತ್ತು.

ಕಥೆಯೂ ನಮ್ಮದೇ. 1920ರಲ್ಲಿ ಅಮೆರಿಕ ಹೆಂಡ ನಿಷೇಧಿಸಿತು, ಹೆಂಡ ಸಾಗಿಸಿದವರು ದೊಡ್ಡ ಮನುಷ್ಯರಾದರು. ನಾವು ನೀರನ್ನು ನಿಷೇಧಿಸಲಿಲ್ಲ. ಕೆರೆ ಪಕ್ಕ ಅಪಾರ್ಟ್‌ಮೆಂಟ್ ಎಬ್ಬಿಸಿ ‘ಲೇಕ್ ವ್ಯೂ’ ಎಂದು ಹೆಸರಿಟ್ಟೆವು, ಅಷ್ಟೇ. ಚಿತ್ರದ ಪೋಲಿ ಹುಡುಗರು ನೀರಿಗೆಸೆಯುವ ಹೆಂಡದ ಪೆಟ್ಟಿಗೆಗೆ ಉಪ್ಪಿನ ಚೀಲ ಕಟ್ಟುತ್ತಾರೆ. ಉಪ್ಪು ಕರಗಿದಂತೆ ಪೆಟ್ಟಿಗೆ ತಾನೇ ಮೇಲೇಳುತ್ತದೆ. ಬೆಳ್ಳಂದೂರು ಕೆರೆಗೆ ಅಷ್ಟೆಲ್ಲ ಬುದ್ಧಿ ಖರ್ಚು ಮಾಡಬೇಕಿಲ್ಲ. ನೊರೆಯೇ ಎದ್ದು ರಸ್ತೆ ದಾಟಿದ್ದನ್ನು ಕಂಡಿದ್ದೇವೆ.

ರೌಡಿಗಳಾದ ಕೊತ್ವಾಲ, ಜಯರಾಜರ ಕಾಲದ ಭೂಗತ ಲೋಕ ಹಾಡಹಗಲೇ ನೆಲದ ಮೇಲೆ ಓಡಾಡಿಕೊಂಡಿತ್ತು. ಈಗಿನದು ನಿಜಕ್ಕೂ ಭೂಗತ: ಸಾವಿರ ಅಡಿ ಕೆಳಗೆ, ಬೋರ್‌ವೆಲ್ಲಿನೊಳಗೆ. ಲಿಯೋನೆಗೆ ಕಥೆ ಸಿಕ್ಕಿದ್ದು ಹ್ಯಾರಿ ಗ್ರೇ ಎಂಬ ಮಾಜಿ ಗ್ಯಾಂಗ್‌ಸ್ಟರನ ಕಾದಂಬರಿಯಿಂದ. ನಮ್ಮ ‘ಆ ದಿನಗಳು’ ಚಿತ್ರ (2007) ಹುಟ್ಟಿದ್ದು ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಪುಸ್ತಕದಿಂದ. ನಮ್ಮ ನೀರಿನ ಟ್ಯಾಂಕರ್ ಮಾಲೀಕರು ಇನ್ನೂ ಆತ್ಮಕಥೆ ಬರೆದಿಲ್ಲ. ಬರೆಯಲು ಮೊದಲು ನಿವೃತ್ತರಾಗಬೇಕಲ್ಲ!

2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು: 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆದೇಶವನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಓದಿ ಚಪ್ಪಾಳೆ ಒತ್ತಿದೆವು. ಟ್ಯಾಂಕರಿನವನು ಆ ಗ್ರೂಪಿನಲ್ಲಿರಲಿಲ್ಲ.

ಅಮೆರಿಕದ ವಿತರಕರು ಲಿಯೋನೆಯ 229 ನಿಮಿಷದ ಚಿತ್ರವನ್ನು ಕತ್ತರಿಸಿ 139 ನಿಮಿಷಕ್ಕಿಳಿಸಿದರು. ನಮ್ಮ ಸಂಪಿಗೆ ಬೀಳುವುದೂ ಸದಾ ಅಮೆರಿಕದ ಆವೃತ್ತಿಯೇ.

“ಏನಣ್ಣ, ಹನ್ನೆರಡು ಸಾವಿರ ಅಂದಿದ್ರಿ, ಸಂಪು ಅರ್ಧನೂ ತುಂಬಿಲ್ವಲ್ಲ?”

“ರಿಂಗ್ ರೋಡ್ ಹಂಪಲ್ಲಿ ಚೆಲ್ಲೋಯ್ತು ಸಾರ್.”

ಚಿತ್ರದ ನಾಯಕ ನೂಡಲ್ಸ್ ಪೊಲೀಸರಿಗೆ ಫೋನ್ ಮಾಡಿ ಗೆಳೆಯರ ಸುಳಿವು ಕೊಡುತ್ತಾನೆ. ಆ ಫೋನಿನ ಗಂಟೆ ಪರದೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸಲ ಹೊಡೆದುಕೊಳ್ಳುತ್ತದೆ. ನಮ್ಮ ಅಸೋಸಿಯೇಷನ್ ಕಾರ್ಯದರ್ಶಿಯೂ ಒಮ್ಮೆ ಎದೆ ಗಟ್ಟಿಮಾಡಿಕೊಂಡು ದೂರು ಕೊಡಲು ಫೋನ್ ಹಚ್ಚಿದರು. ಎರಡನೇ ರಿಂಗಾಗುವಷ್ಟರಲ್ಲಿ ಬಚ್ಚಲಿನಿಂದ ಹೆಂಡತಿಯ ಕೂಗು: “ರೀ, ನಲ್ಲೀಲಿ ಬರೀ ಗಾಳಿ ಬರ್ತಿದೆ!”

ಕಟ್ ಮಾಡಿ ಟ್ಯಾಂಕರಿನವನಿಗೆ ಹಚ್ಚಿದರು. ಮೊದಲ ರಿಂಗಿಗೇ ಎತ್ತಿಕೊಂಡ.