ಭಾವಗೀತೆ: ಬಳಸುವ ಮುನ್ನ ಓದಿ

ಕನ್ನಡ ಭಾವಗೀತೆಯನ್ನು ಆರಿಸಿಕೊಂಡಿದ್ದಕ್ಕೆ ವಂದನೆಗಳು. ಪೊಟ್ಟಣದೊಳಗೆ ಪದ್ಯ, ಧಾಟಿ ಮತ್ತು ಗಾಯಕರ ದನಿ ಇರುತ್ತವೆ. ಸಂದರ್ಭವನ್ನು ಗ್ರಾಹಕರೇ ತಂದುಕೊಳ್ಳಬೇಕು.

ಎಲ್ಲಿ ಇಡಬೇಕು?

ಎಲ್ಲಿಟ್ಟರೂ ನಡೆಯುತ್ತದೆ, ಒಂದೇ ಥರ ನಡೆಯುವುದಿಲ್ಲ. ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ಯನ್ನು ಎಂ.ಎ. ತರಗತಿಯಲ್ಲಿಟ್ಟರೆ, ನವ್ಯಕ್ಕೆ ಹೊರಳುವ ಮೊದಲಿನ ಅಡಿಗರು, ಇಲ್ಲದುದಕ್ಕೆ ತುಡಿಯುವ ಮನಸ್ಸು, ಹತ್ತು ಅಂಕದ ಪ್ರಶ್ನೆ. ‘ಅಮೆರಿಕಾ ಅಮೆರಿಕಾ’ ಚಿತ್ರಕ್ಕೆ ಮನೋಮೂರ್ತಿ ಕೂರಿಸಿದ ಧಾಟಿಯಲ್ಲಿ ಅದನ್ನೇ ಕ್ಯಾಲಿಫೋರ್ನಿಯಾದ ಕಾರಿನಲ್ಲಿಟ್ಟರೆ, ಮುರಳಿ ಊದಿದವನು ಯಾರೆಂಬ ಜಿಜ್ಞಾಸೆಯೇ ಇಲ್ಲ. ವೀಸಾ ಕೊಟ್ಟವನೇ.

ನವೆಂಬರ್ ಬಳಕೆ

‘ಆಕಸ್ಮಿಕ’ (1993) ಚಿತ್ರದಲ್ಲಿ ರಾಜ್‌ಕುಮಾರ್ ಕುದುರೆಗಾಡಿಯ ಮೇಲೆ ಹಾಡುವ, ಹಂಸಲೇಖ ಬರೆದ ಗೀತೆಯನ್ನು ರಾಜ್ಯೋತ್ಸವದ ಧ್ವನಿವರ್ಧಕಕ್ಕೆ ಜೋಡಿಸಬಹುದು. ಪಲ್ಲವಿಯ ಮೊದಲ ಎರಡು ಸಾಲು ಮಾತ್ರ ಕೆಲಸ ಮಾಡುತ್ತವೆ. ಅವುಗಳ ಬೆನ್ನಿಗೇ ಬರುವ ಬದುಕಿನ ಬಂಡಿ, ವಿಧಿ ಇತ್ಯಾದಿ ವೇದಾಂತಕ್ಕೆ ನಾವು ಹೊಣೆಯಲ್ಲ.

ಎಚ್ಚರಿಕೆ (ದಪ್ಪಕ್ಷರದಲ್ಲಿ ಓದಿಕೊಳ್ಳಿ)

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಆರತಕ್ಷತೆಯ ವೇದಿಕೆಗೆ ಬಹಳ ಒಗ್ಗುತ್ತದೆ. ಹೆಸರು ಕೇಳಿದರೆ ಸರಸದಂತಿದೆ. ವಧು ನಾಚುತ್ತಾಳೆ, ವಿಡಿಯೊದವನು ಕ್ಯಾಮೆರಾ ಹತ್ತಿರ ತರುತ್ತಾನೆ. ಪದ್ಯ ಹುಟ್ಟಿದ್ದು ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ, ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ಬಾಯಿಂದ. ಇದನ್ನು ಕವಿಯೇನೂ ಬಚ್ಚಿಟ್ಟಿಲ್ಲ. ಹಗಲಿನ ಆಕಾಶದಲ್ಲಿ ತೇಲುವ ಹುಣ್ಣಿಮೆಯ ಚಂದ್ರ ಆ ಪದ್ಯದಲ್ಲಿ ಹೆಣವಾಗಿಯೇ ಬರುತ್ತಾನೆ. ಹೆಣವನ್ನು ಮೈಕಿನಲ್ಲಿ ಹಾಡಿದರೂ ಮಂಟಪದಲ್ಲಿ ಯಾರಿಗೂ ಕೇಳಿಸುವುದಿಲ್ಲ. ತಬಲಾ ಚೆನ್ನಾಗಿ ನಡೆದಿರುತ್ತದೆ, ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿರುತ್ತದೆ.

ಹಿನ್ನೆಲೆಯನ್ನು ಒಮ್ಮೆ ಅಳವಡಿಸಿಕೊಂಡರೆ ತೆಗೆಯುವ ಗುಂಡಿ ಇಲ್ಲ. ಆಮೇಲೆ ಆ ಚಂದ್ರನೊಬ್ಬನೇ ಕೇಳಿಸುತ್ತಾನೆ. ಧಾರವಾಡದ ಮಾತಿನ ಕುಣಿತ, ಪ್ರಾಸದ ಜಾಣ್ಮೆ, ಎಲ್ಲವೂ ಸಾವಿನ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದಂತೆ ಇರಿಸುಮುರಿಸು ತರುತ್ತವೆ. ಆದ್ದರಿಂದ ಮೊದಲು ಏನೂ ತಿಳಿಯದೆ ಮನಸಾರೆ ಕೇಳಿ, ಹಿನ್ನೆಲೆ ಆಮೇಲಿರಲಿ. ಈ ಕ್ರಮವನ್ನು ತಿರುಗಿಸಲು ಬರುವುದಿಲ್ಲ. ಪಠ್ಯಪುಸ್ತಕಗಳು ಕವಿಪರಿಚಯವನ್ನು ಪದ್ಯಕ್ಕಿಂತ ಮುಂಚೆ ಅಚ್ಚು ಹಾಕುವುದು ಯಾರ ಉಪಾಯವೋ ಕಾಣೆ.

ನನ್ನನ್ನು ಕೇಳಿದರೆ ಆರ್ಕೆಸ್ಟ್ರಾದವರದು ಪೂರ್ತಿ ತಪ್ಪಲ್ಲ. ಅದು ಗಂಡ ಹೆಂಡತಿಗೆ ಆಡುವ ಮಾತೇ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬೇಕಾಗಬಹುದಾದ ಹಾಡನ್ನು ಅವರು ಮೊದಲ ಸಂಜೆಯೇ ಹಾಡಿಬಿಟ್ಟರು, ಅಷ್ಟೆ.

ತೊಂದರೆ ಮತ್ತು ಪರಿಹಾರ

ತೊಂದರೆ: ಅತಿಥಿಗಳಲ್ಲಿ ಒಬ್ಬ ಹಿರಿಯರು, ಬಹುಶಃ ನಿವೃತ್ತ ಕನ್ನಡ ಮೇಷ್ಟ್ರು, ಚಡಪಡಿಸುತ್ತ ಎದ್ದು ಮೈಕಿನತ್ತ ನಡೆಯುತ್ತಿದ್ದಾರೆ.

ಪರಿಹಾರ: ಪಂಕ್ತಿ ಶುರುವಾಯಿತೆಂದು ಕೂಡಲೇ ಘೋಷಿಸಿ.