ದಿಬ್ಬದ ಮೇಲೆ ಮಲಗುವ ಟ್ರ್ಯಾಕ್ಟರ್

ನಮ್ಮ ಮೂಡಿಗೆರೆ ಕಡೆ ಧನುರ್ಮಾಸದಲ್ಲಿ ದೇವರನ್ನು ಎಬ್ಬಿಸುವುದು ಸುಲಭ, ಗಂಟೆ ಹೊಡೆದರೆ ಆಯಿತು. ನಮ್ಮ ಹಳೇ ಟ್ರ್ಯಾಕ್ಟರನ್ನು ಎಬ್ಬಿಸಲು ಮಾತ್ರ ಆರು ಆಳು, ಒಂದು ಇಳಿಜಾರು, ಒಂದು ಹಂಡೆ ಬಿಸಿನೀರು ಬೇಕಿತ್ತು. ಅಪ್ಪ ಅದರ ಶೆಡ್ಡನ್ನು ದಿಬ್ಬದ ಮೇಲೆ ಕಟ್ಟಿಸಿದ್ದು ವಾಸ್ತು ನೋಡಿಯಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವವರು ಯಾರೂ ಇಲ್ಲ. ಇಂಥ ಹಳೇ ಎಂಜಿನ್ನು ಗಾಳಿಯನ್ನು ಎಳೆದುಕೊಂಡು ಇಪ್ಪತ್ತರಲ್ಲಿ ಒಂದು ಪಾಲಿನಷ್ಟಾಗುವವರೆಗೆ ಅದುಮುತ್ತದೆ. ಆ ಗಾಳಿಯೇ ಕಾದು ಎಣ್ಣೆ ಹೊತ್ತಿಸಬೇಕು. ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆದ ಕಬ್ಬಿಣವೋ, ಆ ಕಾವನ್ನೆಲ್ಲ ತಾನೇ ಹೀರಿಬಿಡುತ್ತದೆ. ಅದಕ್ಕೇ ಸಿಲಿಂಡರಿಗೊಂದು ಹೀಟರ್ ಪ್ಲಗ್ಗು. ಸ್ಟಾರ್ಟ್ ಮಾಡುವ ಮೊದಲು ಅರ್ಧ ನಿಮಿಷ ಸ್ವಿಚ್ ಹಿಡಿದರೆ ಅದರ ತುದಿಯ ಸುರುಳಿ ಕೆಂಪಾಗುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನ ಜಾಲರಿಯೊಳಗಿನ ಸುರುಳಿಯೂ ಕೆಂಪಾಗಿ, ಒಳಗಡೆ ಎಲ್ಲ ಸರಿಯಿದೆ ಎಂದು ಹೇಳುತ್ತದೆ. ನಾನು ಕಂಡಂತೆ ಅದು ಯಾವತ್ತೂ ಕೆಂಪಾದದ್ದಿಲ್ಲ. ಹಿಂದಿನ ಮಾಲೀಕರು ಬೀಡಿ ಹಚ್ಚಲು ಮಾಡಿಸಿಕೊಂಡದ್ದಿರಬೇಕು ಅಂದುಕೊಂಡಿದ್ದೆ.

ಬೈಗುಳವೆಲ್ಲ ಬ್ಯಾಟರಿಗೆ. ಎರಡು ಹೊಸ ಬ್ಯಾಟರಿ ಬಂದವು, ಸೆಲ್ಫ್ ಹೊಡೆಸಿಕೊಂಡೇ ಸುಸ್ತಾದವು.

ಕೊನೆಗೆ ಬಂದ ಮೆಕ್ಯಾನಿಕ್ ಜಾಸ್ತಿ ಮಾತಾಡಲಿಲ್ಲ. ನನ್ನ ಕೈಲಿ ಹೀಟರ್ ಸ್ವಿಚ್ ಹಿಡಿಸಿ, ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ಎರಡೂ ತಿರುಪುಗಳನ್ನು ಸೇರಿಸಿ ಮುಟ್ಟುತ್ತ ಹೋದರು. ಮೂರನೆಯದನ್ನು ಮುಟ್ಟಿದ್ದೇ ತಡ, ನನ್ನ ಬೀಡಿ ತೂತು ಮೆಲ್ಲಗೆ ಕೆಂಪಾಯಿತು!

"ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಇದ್ದಂಗೆ ಗೌಡ್ರೇ. ಒಂದು ಸತ್ರೆ ನಾಲ್ಕೂ ಕತ್ತಲೆ."

ಸತ್ತದ್ದು ಮಸಿ ಕಚ್ಚಿ ಕೂತಿತ್ತು. ರಾತ್ರಿಯಿಡೀ ಡೀಸೆಲ್ ಕುಡಿಸಿದ ಮೇಲೆ ಕಿರ್ರೆಂದು ಸಡಿಲವಾಯಿತು. ಕೈಲಿ ಹಿಡಿದು ನೋಡಿದೆ: ಮಗುವಿನ ಓಲೆಯಷ್ಟು ಸುರುಳಿ, ಅದರಲ್ಲೊಂದು ಕಡೆ ಕೂದಲೆಳೆಯಷ್ಟು ಬಿರುಕು. ಇದಕ್ಕಾಗಿ ಆರು ಆಳು ನೂಕುತ್ತಿದ್ದರು.

ಹೊಸದು ತರಲು ಚಿಕ್ಕಮಗಳೂರಿಗೆ ಹೋದವನು ನಾನೇ. ಅಂಗಡಿಯವರು "ಎಷ್ಟು ವೋಲ್ಟಿಂದು?" ಅಂದರು. ಬ್ಯಾಟರಿ 12 ವೋಲ್ಟಿಂದು, ಇನ್ನೇನಿರುತ್ತದೆ? ಗತ್ತಿನಿಂದಲೇ "ಹನ್ನೆರಡು" ಅಂದೆ. ಮೆಕ್ಯಾನಿಕ್ ಪೊಟ್ಟಣ ಬಿಚ್ಚಿ ನಕ್ಕರು. ನಮ್ಮ ಪ್ಲಗ್ಗಿಗೆ ತಲಾ ಎರಡು ವೋಲ್ಟೂ ಬೇಡ. ಮಿಕ್ಕದ್ದನ್ನು ಡ್ಯಾಶ್‌ಬೋರ್ಡಿನ ಸುರುಳಿ ಮತ್ತು ದಾರಿಯಲ್ಲಿನ ರೆಸಿಸ್ಟೆನ್ಸು ತಿನ್ನುತ್ತವೆ. ಹಳೇದನ್ನು ನೇರ ಬ್ಯಾಟರಿಗೆ ಕೊಟ್ಟರೆ ಆ ಕ್ಷಣವೇ ಭಸ್ಮ. ನಾನು ತಂದದ್ದಕ್ಕೋ, ತಂತಿ ಕಚ್ಚಲು ಎರಡನೇ ತಿರುಪೇ ಇರಲಿಲ್ಲ. ಮತ್ತೆ ಬಸ್ಸು ಹತ್ತಿದೆ, ಈ ಸಲ ಹಳೇದನ್ನು ಜೇಬಿನಲ್ಲಿಟ್ಟುಕೊಂಡು. ನಾಲ್ಕನ್ನೂ ಬದಲಾಯಿಸಿದೆವು. ಒಂದು ಹೋದ ಮೇಲೆ ಉಳಿದವೂ ಗಂಟುಮೂಟೆ ಕಟ್ಟಿರುತ್ತವಂತೆ.

ಮಾರನೇ ಬೆಳಿಗ್ಗೆ ಕಂಬಳಿ ಹೊದ್ದು ಆರೂ ಜನ ಹಾಜರು. ಅಪ್ಪ ಸ್ವಿಚ್ ಹಿಡಿದರು, ಬೀಡಿ ತೂತು ಕೆಂಪಾಯಿತು, ಸೆಲ್ಫ್ ಹೊಡೆದರು. ಒಮ್ಮೆ ಬಿಳಿ ಹೊಗೆ ಕೆಮ್ಮಿ ಟ್ರ್ಯಾಕ್ಟರು ನಿಂತಲ್ಲೇ ಗುಡುಗುಡು ಅಂತು. ಆರು ಜನರ ಮುಖದಲ್ಲೂ ಸಂತೋಷವೇ ಇಲ್ಲ. ನೂಕಿದ ಮೇಲೆ ಒಳಗಿಂದ ಕಾಫಿ, ಅಕ್ಕಿರೊಟ್ಟಿ ಬರುವುದು ವಾಡಿಕೆ.

ಅಪ್ಪ ಒಮ್ಮೆ ಅವರ ಕಡೆ ನೋಡಿದರು. ಸ್ಟಾಪ್ ಎಳೆದು ಎಂಜಿನ್ನು ಆರಿಸಿದರು. "ಸುಮ್ನೆ ಒಂದ್ಸಲ ನೂಕ್ರಪ್ಪ."