ಥ್ಯಾಂಕ್ಯೂ ಸ್ಲೈಡಿನಾಂವ

ಪದವಿ ತರಗತಿಯ ಗ್ರೂಪ್ ಪ್ರೆಸೆಂಟೇಶನ್ನಿನಲ್ಲಿ ಕೊನೆಯ ಸ್ಲೈಡಿಗೆ ಮಾತ್ರ ಹಕ್ಕುದಾರನಾದ ವಿದ್ಯಾರ್ಥಿಗೆ ಥ್ಯಾಂಕ್ಯೂ ಸ್ಲೈಡಿನಾಂವ ಎಂದು ಹೆಸರು. ಪೀಠಿಕೆ, ಉದ್ದೇಶ, ಅಂಕಿಅಂಶ, ಸಮಸ್ಯೆ, ಪರಿಹಾರ ಎಂದು ಉಳಿದವರು ಹಂಚಿಕೊಂಡ ಮೇಲೆ ಮಿಕ್ಕದ್ದು ಇವನ ಪಾಲು: ಎರಡು ಗುಲಾಬಿ ಹೂ, ನಡುವೆ ಓರೆಯಾಗಿ ಬರೆದ ಥ್ಯಾಂಕ್ಯೂ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಯಾವ ಕಾಲೇಜಿಗೆ ಹೋದರೂ ಪ್ರತಿ ಗುಂಪಿಗೆ ಒಬ್ಬನಂತೆ ಇವನು ಸಿಗುತ್ತಾನೆ. ಮೊದಲ ದಿನ ಗುಂಪಿನ ನಡುವೆ ನಿಂತು ‘ನಾ ಅದೀನಲ್ಲ, ಯಾಕ ಹೆದರ್ತೀರಿ’ ಎಂದು ಧೈರ್ಯ ಹೇಳುವವನೂ ಇವನೇ. ಆಮೇಲೆ ಪ್ರೆಸೆಂಟೇಶನ್ನಿನ ಬೆಳಗಿನವರೆಗೆ ಯಾರಿಗೂ ಕಾಣುವುದಿಲ್ಲ.

ಈ ತಳಿ ಹುಲುಸಾಗಿ ಬೆಳೆದದ್ದು ಆಂತರಿಕ ಅಂಕಗಳ ನೀರುಂಡು. ಪವರ್‌ಪಾಯಿಂಟ್ ಎಂಬ ತಂತ್ರಾಂಶ 1987ರಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದರೂ ಈ ಭಾಗದ ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಬಹುಕಾಲ ಸೀಮೆಸುಣ್ಣವೇ ಆಳಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಪದವಿ ತರಗತಿಗೆ ಕಾಲಿಟ್ಟಾಗ ನೂರಕ್ಕೆ 40 ಅಂಕ ಉಪನ್ಯಾಸಕರ ಕೈಗೆ ಬಂದವು. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರು ಎಂದು ಅವನ್ನು ಹೇಗಾದರೂ ಹಂಚಲೇಬೇಕಾಯಿತು. ಅರವತ್ತೆಪ್ಪತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತ ಕೂತರೆ ಸೆಮಿಸ್ಟರೇ ಮುಗಿಯುತ್ತದೆ. ಹಾಗಾಗಿ ರೋಲ್ ನಂಬರಿನ ಪ್ರಕಾರ ಆರಾರು ಜನರ ಗುಂಪು ಮಾಡುವುದು ರೂಢಿಯಾಯಿತು. 2024-25ರಲ್ಲಿ ರಾಜ್ಯ ಸರ್ಕಾರ ಪದ್ಧತಿ ಬದಲಿಸಿ ಆಂತರಿಕ ಅಂಕಗಳನ್ನು ಇಳಿಸಿತು. ಅಂಕ ಇಳಿದವು, ಈತನ ಸಂಖ್ಯೆ ಇಳಿಯಲಿಲ್ಲ.

ಗುಂಪು ಗೊತ್ತಾದ ಹತ್ತು ನಿಮಿಷದೊಳಗೆ ವಾಟ್ಸ್ಯಾಪ್ ಗ್ರೂಪ್ ತೆರೆಯುವವನು ಇವನು. ಅದಕ್ಕೊಂದು ಹೆಸರು, ಹೆಸರಿನ ಎರಡೂ ಬದಿಗೆ ಬೆಂಕಿಯ ಚಿತ್ರ, ಡಿಪಿಗೆ ದೀಪಾವಳಿಯ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿ. ಅಡ್ಮಿನ್ ತಾನೇ. ಅಲ್ಲಿಗೆ ಅವನ ದುಡಿಮೆಯ ಮುಕ್ಕಾಲು ಪಾಲು ಮುಗಿಯಿತು. ಮುಂದೆ ಯಾರು ಏನು ಕಳಿಸಿದರೂ ಹೆಬ್ಬೆರಳು ಎತ್ತುತ್ತಾನೆ. ಪ್ರೆಸೆಂಟೇಶನ್ನಿನ ಹಿಂದಿನ ರಾತ್ರಿ ಹನ್ನೊಂದೂವರೆಗೆ, ಸ್ಲೈಡೆಲ್ಲ ಮುಗಿದು ಉಳಿದವರು ಮಲಗಿದ ಮೇಲೆ, ‘ಏನರ ಹೆಲ್ಪ್ ಬೇಕಾಗಿತ್ತೇನು’ ಎಂಬ ಸಂದೇಶ ಬರುತ್ತದೆ. ಇದನ್ನು ಆತ ಮನಸ್ಸಿನಿಂದಲೇ ಕೇಳುತ್ತಾನೆ ಎಂಬುದನ್ನು ಒಪ್ಪಬೇಕು.

ಗುಂಪಿನ ಕೆಲಸ ಬಹುಮಟ್ಟಿಗೆ ಒಬ್ಬಳ ಮೇಲೆ ಬೀಳುತ್ತದೆ. ಆಕೆ ಸುತ್ತಲಿನ ಯಾವುದೋ ಹಳ್ಳಿಯಿಂದ ಬರುವವಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ರೊಕ್ಕ ಉಳಿದಿದೆ, ಬಸ್ಸಿನ ಸೀಟು ಹೋಗಿದೆ. ಸಂಜೆಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಟೈಪ್ ಮಾಡುತ್ತ ಮೂರು ಸ್ಲೈಡು ಮುಗಿಸುತ್ತಾಳೆ. ಇನ್ನಿಬ್ಬರು ಗೂಗಲ್ಲಿನಿಂದ ಎತ್ತಿ ಕಳಿಸಿದ್ದನ್ನು ತಿದ್ದುವುದೂ ಅವಳೇ. ಒಬ್ಬ ಚಿತ್ರ ಹುಡುಕುತ್ತಾನೆ. ಒಬ್ಬ ಲ್ಯಾಪ್‌ಟಾಪ್ ಇರುವ ಅಣ್ಣನ ತಮ್ಮ. ಗುಂಪಿನಲ್ಲಿ ಆತನ ಸ್ಥಾನ ಪ್ರಶ್ನಾತೀತ.

ಗುಂಪು ದೊಡ್ಡದಾದಂತೆ ದುಡಿಮೆ ಕರಗುವುದನ್ನು ಮೊದಲು ಅಳೆದವನು ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್. ಜನರಿಂದ ಹಗ್ಗ ಎಳೆಸಿ, ಬಲವನ್ನು ಅಳತೆಯ ಯಂತ್ರದಲ್ಲಿ ನೋಡಿ, 1913ರಲ್ಲಿ ಲೆಕ್ಕ ಪ್ರಕಟಿಸಿದ. ಇಬ್ಬರು ಎಳೆದಾಗ ತಲಾ ಬಲ ನೂರಕ್ಕೆ 93ಕ್ಕೆ ಇಳಿದಿತ್ತು, ಮೂವರಾದಾಗ 85ಕ್ಕೆ, ಎಂಟು ಜನರಾದಾಗ 49ಕ್ಕೆ. ಒಬ್ಬರ ಎಳೆತಕ್ಕೆ ಇನ್ನೊಬ್ಬರ ಎಳೆತ ಹೊಂದದಿರುವುದೂ ಇದಕ್ಕೆ ಕಾರಣವಿರಬಹುದು ಎಂದು ಆಗ ಅನುಮಾನವಿತ್ತು. 1979ರಲ್ಲಿ ಅಮೆರಿಕದ ಲಟಾನೆ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಜೊತೆಗೆ ಬೇರೆಯವರೂ ಕೂಗುತ್ತಿದ್ದಾರೆ ಎಂದು ತಿಳಿದರೆ ಸಾಕು, ಪ್ರತಿಯೊಬ್ಬರ ದನಿಯೂ ತಗ್ಗುತ್ತಿತ್ತು. ಥ್ಯಾಂಕ್ಯೂ ಸ್ಲೈಡಿನಾಂವ ಈ ಯಾವ ಪ್ರಬಂಧವನ್ನೂ ಓದಿಲ್ಲ. ಓದದೆಯೇ ಸಾರ ಹಿಡಿದಿದ್ದಾನೆ.

ವಿಷಯದ ಆಯ್ಕೆಯಲ್ಲಿ ಮೂರೂ ಊರುಗಳಿಗೆ ತಮ್ಮತಮ್ಮ ಖಾಯಂ ಸರಕು ಇದೆ. ಹಾವೇರಿಯ ಗುಂಪುಗಳು ಏಲಕ್ಕಿ ಹಾರ ಹಿಡಿಯುತ್ತವೆ, ಇಲ್ಲವೆ 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆಯ ಹುಟ್ಟನ್ನು. ರಾಣೇಬೆನ್ನೂರಿನವರಿಗೆ ಬೀಜೋದ್ಯಮ, ಅದು ಬೇಡವೆಂದರೆ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ. ಅಭಯಾರಣ್ಯದ ಸ್ಲೈಡಿನಲ್ಲಿ ಆಫ್ರಿಕಾದ ಇಂಪಾಲ ಮೇಯುತ್ತಿರುತ್ತದೆ. ಕೃಷ್ಣಮೃಗದ ಕೊಂಬು ತಿರುಪಿನಂತಿರುತ್ತದೆ ಎಂದು ಚಿತ್ರ ಹುಡುಕಿದವನಿಗೆ ಹೇಳುವವರಿಲ್ಲ, ಊರಿನ ಪಕ್ಕದಲ್ಲೇ ಇರುವ ಕಾಡಿಗೆ ಒಮ್ಮೆ ಹೋಗಿ ಬರೋಣವೆಂದು ಆರು ಜನರಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಬ್ಯಾಡಗಿಯಲ್ಲಿ ಇತಿಹಾಸದವರು ಕಾಗಿನೆಲೆಯ ಕನಕದಾಸರನ್ನೋ, ಗಾಂಧೀಜಿಯೊಡನೆ 1930ರಲ್ಲಿ ದಂಡಿಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನೋ ಆರಿಸುತ್ತಾರೆ. ವಾಣಿಜ್ಯದವರು ಮೆಣಸಿನಕಾಯಿ ಮಾರುಕಟ್ಟೆ ಬಿಟ್ಟು ಕದಲುವುದಿಲ್ಲ.

ಕನ್ನಡದಲ್ಲಿ ಸ್ಲೈಡು ಮಾಡಿದ ಗುಂಪಿಗೆ ಇನ್ನೊಂದು ಕಂಟಕ ಕಾದಿರುತ್ತದೆ. ಸೈಬರ್ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಹೊಡೆಸಿದ ಅಕ್ಷರ, ಆ ಫಾಂಟಿಲ್ಲದ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ, ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಡಾಲರ್ ಚಿಹ್ನೆಗಳಾಗಿ ಪರದೆ ತುಂಬ ಚೆಲ್ಲಿಕೊಳ್ಳುತ್ತದೆ. ಪೀಠಿಕೆಯ ಹುಡುಗ ಬೆವರುತ್ತಾನೆ. ಇಂಥ ಹೊತ್ತಿನಲ್ಲಿ ಥ್ಯಾಂಕ್ಯೂ ಸ್ಲೈಡಿನಾಂವ ಮುಂದೆ ಬಂದು ‘ಸರ್, ಎರಡ ಮಿನಿಟ’ ಎಂದು ಕೇಬಲ್ ಅಲ್ಲಾಡಿಸುತ್ತಾನೆ. ಕೇಬಲ್ಲಿಗೂ ಫಾಂಟಿಗೂ ಸಂಬಂಧವಿಲ್ಲ. ಆದರೆ ಆ ಎರಡು ಮಿನಿಟಿನಲ್ಲಿ ಹುಡುಗಿ ಚೀಲದಿಂದ ಪ್ರಿಂಟ್ ತೆಗೆದುಕೊಳ್ಳುತ್ತಾಳೆ, ಪೀಠಿಕೆಯವನು ನೀರು ಕುಡಿಯುತ್ತಾನೆ, ಉಪನ್ಯಾಸಕರ ಮುಖದ ಗಂಟು ಸಡಿಲುತ್ತದೆ. ಯೂನಿಕೋಡ್ ಬಳಸಬೇಕೆಂದು ಗುಂಪು ಅಂದು ಕಲಿಯುತ್ತದೆ. ಹೊತ್ತು ಕಳೆಯುವುದೂ ಒಂದು ಕಸುಬು ಎಂಬುದನ್ನು ಇವನನ್ನು ನೋಡಿ ಕಲಿಯುತ್ತದೆ.

ಮೆಣಸಿನಕಾಯಿಯ ಪ್ರೆಸೆಂಟೇಶನ್ನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲ ಸ್ಲೈಡಿನಲ್ಲಿ ಕೆಂಪು ರಾಶಿಯ ಚಿತ್ರ, ಪಕ್ಕದಲ್ಲಿ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ವಿಚಾರ. ಎರಡನೆಯದರಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಮೂರನೆಯದರಲ್ಲಿ ಓಲಿಯೋರೆಸಿನ್: ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಈ ಕಾಯಿಯಿಂದ ತೆಗೆದ ಬಣ್ಣ ತಿನಿಸಿಗೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂಬಲ್ಲಿ ಹಿಂದಿನ ಬೆಂಚಿನಲ್ಲಿ ನಗು. ನಾಲ್ಕನೆಯದು ‘ಸಮಸ್ಯೆಗಳು’. ಅದರ ಮೊದಲ ಸಾಲು ‘ಬೆಲೆ ಏರಿಳಿತ’. ದರ ಬಿದ್ದಿತೆಂದು 2024ರ ಮಾರ್ಚ್ 11ರಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು, ಎಲ್ಲ ಆ ಎರಡು ಪದಗಳೊಳಗೆ ಅಡಗಿರಬೇಕು. ಓದುವವಳು ಅಲ್ಲಿ ನಿಲ್ಲದೆ ‘ಸಂಗ್ರಹಾಗಾರಗಳ ಕೊರತೆ’ಗೆ ದಾಟುತ್ತಾಳೆ. ಊರ ಸುತ್ತ ಸಾಲುಸಾಲು ಕೋಲ್ಡ್ ಸ್ಟೋರೇಜುಗಳಿವೆ. ಸ್ಲೈಡಿನ ಆ ಕೊರತೆ ಬಂದದ್ದು ಬೇರೆ ಯಾವುದೋ ಬೆಳೆಯ ಪ್ರೆಸೆಂಟೇಶನ್ನಿನಿಂದ.

ಉಪನ್ಯಾಸಕರು ಕಣ್ಣಾಡಿಸಿ ಕೇಳುತ್ತಾರೆ: ಈ ಮಾರ್ಕೆಟ್ಟಿಗೆ ಬರುವ ಕಾಯೆಲ್ಲ ಬ್ಯಾಡಗಿ ತಾಲ್ಲೂಕಿನಲ್ಲೇ ಬೆಳೆಯುತ್ತದೇನು? ಸ್ಲೈಡಿನಲ್ಲಿ ಇದಕ್ಕೆ ಉತ್ತರವಿಲ್ಲ. ಐದು ಜನ ಪರದೆಯತ್ತ ತಿರುಗುತ್ತಾರೆ. ಆಗ ಗೋಡೆಗೊರಗಿ ನಿಂತ ಥ್ಯಾಂಕ್ಯೂ ಸ್ಲೈಡಿನಾಂವ ಬಾಯಿ ಬಿಡುತ್ತಾನೆ: ‘ಎಲ್ಲೀದರಿ ಸರ್. ನಮ್ಮ ಕಡೆ ಈಗ ಬರೇ ಗೋವಿನಜೋಳ ಹಾಕ್ತಾರ. ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿಗಟ್ಲೆ ಬರತೈತಿ.’ ಮನೆಯಲ್ಲಿ ಯಾರೋ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಇಲ್ಲವೆ ಅವ್ವ ಸೀಜನ್ನಿನಲ್ಲಿ ಕಾಯಿಯ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಾಳೆ, ಇಲ್ಲವೆ ಈತನೇ ಟೆಂಡರಿನ ದಿನ ಕಾಲೇಜು ತಪ್ಪಿಸಿ ಚೀಲ ಎಣಿಸಲು ಹೋಗುತ್ತಾನೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಬೀಜ ಸಪ್ಪಳ ಮಾಡುತ್ತದೆ, ಹಸಿ ಇದ್ದರೆ ಮಾಡುವುದಿಲ್ಲ, ಹಸಿಗೆ ದರವಿಲ್ಲ. ಚೀಲಗಳನ್ನು ಅಂಗಡಿಯ ಮುಂದೆ ಲಾಟು ಹಾಕಿ ಇಡುತ್ತಾರೆ, ಖರೀದಿದಾರರು ನೋಡಿಕೊಂಡು ಹೋಗಿ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ದರ ಸೇರದಿದ್ದರೆ ರೈತ ಕಾಯಿಯನ್ನು ಕೋಲ್ಡ್ ಸ್ಟೋರೇಜಿಗೆ ಸಾಗಿಸುತ್ತಾನೆ, ಅಲ್ಲಿ ಬಣ್ಣ ಮಾಸದೆ ಉಳಿಯುತ್ತದೆ, ಬಾಡಿಗೆ ಮಾತ್ರ ಏರುತ್ತದೆ. ಆರು ಜನರ ಹನ್ನೆರಡು ಸ್ಲೈಡಿನಲ್ಲಿ ಇಲ್ಲದ ಮಾರುಕಟ್ಟೆ ಐದು ನಿಮಿಷದಲ್ಲಿ ತರಗತಿಗೆ ಬಂದು ನಿಲ್ಲುತ್ತದೆ.

ತೊಂದರೆ ಇರುವುದು ಮುಂದೆ. ಒಮ್ಮೆ ಗುಂಡಿ ಒತ್ತಿದರೆ ಇವನನ್ನು ನಿಲ್ಲಿಸಲು ಬರುವುದಿಲ್ಲ. ಯಾವ ಅಂಗಡಿಯ ಮಿರ್ಚಿ-ಮಂಡಕ್ಕಿ ಚಲೋ ಎಂಬಲ್ಲಿಗೆ ಬಂದಾಗ ಉಪನ್ಯಾಸಕರು ಸಾಕೆನ್ನುತ್ತಾರೆ. ಗುಂಪಿಗೆ ಹತ್ತಕ್ಕೆ ಎಂಟು, ಎಲ್ಲರಿಗೂ ಸಮ. ಕಂಬಿ ಹಿಡಿದು ಟೈಪ್ ಮಾಡಿದವಳಿಗೂ ಎಂಟು, ಗೋಡೆಗೊರಗಿದವನಿಗೂ ಎಂಟು. ಆಕೆಗೆ ಸಿಟ್ಟು ಬರುವುದು ನ್ಯಾಯ. ಇಷ್ಟೆಲ್ಲ ಗೊತ್ತಿದ್ದವನು ಮೂರು ವಾರ ಬಾಯಿ ಮುಚ್ಚಿಕೊಂಡು ಹೆಬ್ಬೆರಳು ಎತ್ತುತ್ತಿದ್ದನಲ್ಲ ಎಂಬುದು ಅಂಕಕ್ಕಿಂತ ದೊಡ್ಡ ಸಿಟ್ಟು. ಅವನ ಕಡೆಯ ಮಾತೂ ಒಂದಿದೆ: ಯಾರೂ ಕೇಳಲಿಲ್ಲ. ಮೆಣಸಿನಕಾಯಿ ಬಗ್ಗೆ ಗೂಗಲ್ಲನ್ನು ಕೇಳಿದರು, ಈಚೆಗೆ ಚಾಟ್‌ಜಿಪಿಟಿಯನ್ನೂ ಕೇಳಿದರು, ಪಕ್ಕದಲ್ಲಿ ಕೂತವನನ್ನು ಬಿಟ್ಟು.

ಮುಂದಿನ ಸೆಮಿಸ್ಟರಿನಲ್ಲಿ ವಿಷಯ ‘ಹಣದುಬ್ಬರದ ಸಿದ್ಧಾಂತಗಳು’ ಆದಾಗ ಇವನಿಗೆ ಹೇಳುವುದೇನೂ ಇರುವುದಿಲ್ಲ. ಆದರೂ ಕೇಳಿದ ಪ್ರಶ್ನೆಗೆ ಸುಮ್ಮನಿರುವ ಜಾಯಮಾನ ಅವನದಲ್ಲ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ ನುಡಿಯುವ ಒಂದು ಸಾಲಿನ ಕಾರಣಿಕದಂತೆ ಇವನ ಉತ್ತರವೂ ಒಂದೇ ಸಾಲು: ‘ಸರ್, ಅದು ಪರಿಸ್ಥಿತಿ ಮ್ಯಾಲೆ ಹೋಗತೈತಿ.’ ಮಳೆಯೆಂದು ಬೇಕಾದರೆ ಮಳೆ, ರಾಜಕೀಯವೆಂದು ಬೇಕಾದರೆ ರಾಜಕೀಯ. ಅರ್ಥ ಹೇಳುವ ಹೊಣೆ ಕೇಳಿದವರದು. ಉಪನ್ಯಾಸಕರು ತಾವೇ ಹತ್ತು ನಿಮಿಷ ವಿವರಿಸಿ, ‘ಇದನ್ನೇ ಹೇಳಬೇಕಂತಿದ್ದಿ ಹೌದಿಲ್ಲೊ’ ಎನ್ನುತ್ತಾರೆ. ಆತ ಹೌದೆನ್ನುತ್ತಾನೆ.

ಈ ತಳಿಯನ್ನು ನಿವಾರಿಸುವ ಪ್ರಯತ್ನಗಳು ನಡೆಯದೆ ಇಲ್ಲ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞ ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟ. ಒಬ್ಬ ಹೇಳದಿದ್ದರೆ ಉಳಿದವರಿಗೆ ಆ ಭಾಗ ಸಿಗುವ ದಾರಿಯೇ ಇರಲಿಲ್ಲ. ಇಲ್ಲಿನ ಉಪನ್ಯಾಸಕರಲ್ಲಿ ಕೆಲವರು ಕಂಡುಕೊಂಡದ್ದು ಚೀಟಿ ಎತ್ತುವ ಪದ್ಧತಿ: ಯಾರ ಹೆಸರು ಬರುತ್ತದೋ ಅವರೇ ಪೂರ್ತಿ ಮಾತಾಡಬೇಕು. ಚೀಟಿಯ ಸುದ್ದಿ ಹಬ್ಬಿದ ದಿನ ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಥ್ಯಾಂಕ್ಯೂ ಸ್ಲೈಡಿನಾಂವ ಹುಡುಗಿಯ ಸೀಟಿನ ಪಕ್ಕ ನಿಂತು ಹನ್ನೆರಡು ಸ್ಲೈಡನ್ನೂ ಬಾಯಿಪಾಠ ಮಾಡುತ್ತಾನೆ. ತಿಳಿಯದ್ದನ್ನು ಎರಡೆರಡು ಸಲ ಕೇಳುತ್ತಾನೆ. ಅವನಿಗೆ ಬಿಡಿಸಿ ಹೇಳುವಾಗಲೇ ತಾನು ಇಳಿಸಿಕೊಂಡ ವಾಕ್ಯವೊಂದಕ್ಕೆ ಅರ್ಥವಿಲ್ಲವೆಂದು ಆಕೆಗೆ ಗೊತ್ತಾಗುತ್ತದೆ. ಗುಂಪಿನ ಕೆಲಸದಿಂದ ಏನಾದರೂ ಕಲಿಕೆ ನಡೆಯುತ್ತದೆ ಎಂದಾದರೆ ಅದು ನಡೆಯುವುದು ಇಂಥ ಬಸ್ಸುಗಳಲ್ಲಿ. ಪ್ರೊಜೆಕ್ಟರ್ ಮುಂದೆ ನಡೆಯುವುದು ಅದರ ತೀರುವಳಿ ಮಾತ್ರ.

ಉಳಿದವರು ಕಲಿಯುವುದೂ ಕಡಿಮೆಯಲ್ಲ. ಪೆನ್‌ಡ್ರೈವ್ ಯಾರ ಬಳಿ ಇರುತ್ತದೋ ಅವರ ಮಾತು ನಡೆಯುತ್ತದೆ ಎಂದು ಹುಡುಗಿ ಕಲಿಯುತ್ತಾಳೆ. ಎರಡನೇ ವರ್ಷದಿಂದ ಅದನ್ನು ಕೈಬಿಡುವುದಿಲ್ಲ. ನಾಳೆ ಕಳಿಸುತ್ತೇನೆ ಎಂದವನು ಕಳಿಸುವುದಿಲ್ಲ, ಬೈದರೂ ಕಳಿಸುವುದಿಲ್ಲ, ಅವನ ಗೆಳೆಯನ ಮೂಲಕ ಹೇಳಿಸಿದರೆ ಕಳಿಸುತ್ತಾನೆ ಎಂಬುದನ್ನೂ. ಇದು ಯಾವ ಪಠ್ಯಕ್ರಮದಲ್ಲೂ ಇಲ್ಲದ, ಎಲ್ಲ ಕಚೇರಿಗಳಲ್ಲೂ ಬೇಕಾಗುವ ಅಧ್ಯಾಯ. ಲ್ಯಾಪ್‌ಟಾಪಿನ ತಮ್ಮ ಮಾತ್ರ ಏನೂ ಕಲಿಯುವುದಿಲ್ಲ.

ಪದವಿ ಮುಗಿದ ಮೇಲೆ ಥ್ಯಾಂಕ್ಯೂ ಸ್ಲೈಡಿನಾಂವ ನಾಪತ್ತೆಯಾಗುವುದಿಲ್ಲ. ರಾಣೇಬೆನ್ನೂರಿನ ಬೀಜದ ವ್ಯಾಪಾರದಲ್ಲಿ, ಹಳ್ಳಿಹಳ್ಳಿ ತಿರುಗಿ ರೈತರ ಕಟ್ಟೆಯ ಮೇಲೆ ಕೂತು ಮಾತಾಡುವ ಕೆಲಸಕ್ಕೆ ಇವನಂಥವನು ಸಿಗುವುದಿಲ್ಲ. ಊರಿನ ಸಂಘಗಳಿಗೆ ಸೇರುತ್ತಾನೆ, ಗಣಪತಿ ಕೂರಿಸುತ್ತಾನೆ, ಹೋರಿಯ ಫ್ಲೆಕ್ಸಿನಲ್ಲಿ ಎರಡನೇ ಸಾಲಿನಲ್ಲಿ ಕಾಣುತ್ತಾನೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥ ದೊಡ್ಡ ಜಾತ್ರೆಯಾಗಲಿ, ಪತ್ತಿನ ಸಂಘದ ವಾರ್ಷಿಕ ಸಭೆಯಾಗಲಿ, ಆಮಂತ್ರಣದಲ್ಲಿ ಸ್ವಾಗತ, ನಿರೂಪಣೆಗಳ ಕೆಳಗೆ ವಂದನಾರ್ಪಣೆ ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲು ತುಂಬಲು ಹೆಸರು ಹುಡುಕುವಾಗ ಸಂಘಟಕರಿಗೆ ಇವನ ನೆನಪಾಗುತ್ತದೆ. ಸಭಿಕರು ಊಟದ ಪೆಂಡಾಲಿನತ್ತ ಹೊರಟಿರುತ್ತಾರೆ. ಆತ ಮೈಕು ಬಿಡುವುದಿಲ್ಲ. ಅಧ್ಯಕ್ಷರು, ಅತಿಥಿಗಳು, ಶಾಮಿಯಾನದವರು, ಮೈಕಿನವರು, ಅಡುಗೆಯವರು, ಹಾರ ಕಟ್ಟಿದವರು, ಕುರ್ಚಿ ಹೊತ್ತವರು ಎಂದು ದುಡಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆಯುತ್ತಾನೆ. ಆ ಪಟ್ಟಿಯನ್ನು ಹಿಂದಿನ ರಾತ್ರಿ ಕೂತು ಬರೆದುಕೊಟ್ಟವರ ಹೆಸರು ಮಾತ್ರ ಅದರಲ್ಲಿ ಇರುವುದಿಲ್ಲ.